ಡಬ್ಬಿಯೊಳಗಿನ ಕಂದು

ಮಾಡೆಲ್ ರೈಲು ಕಟ್ಟುವವರ ವಿಡಿಯೋಗಳನ್ನು ನೋಡಿದವರಿಗೆ ಈ ದೃಶ್ಯ ಬಾಯಿಪಾಠ ಆಗಿರ್ತದೆ. ಥರ್ಮೋಕೋಲ್ ಗುಡ್ಡ, ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆ, ಒಣಗಿದ ಮೇಲೆ ಬೆಳ್ಳಗೆ ಕಾಣೋ ಒಂದು ಜಗತ್ತು. ಆಮೇಲೆ ಎರಡಿಂಚಿನ ಬ್ರಶ್ ಹಿಡಿದ ಕೈಯೊಂದು ಬಂದು ಮೂಲೆಯಿಂದ ಮೂಲೆಗೆ ಕಂದು ಬಳೀತದೆ. ‘ಇದು ಬರೀ ಬೇಸ್, ಹೇಗಿದ್ದರೂ ಮೇಲೆ ಹುಲ್ಲು ಬರ್ತದೆ’ ಅಂತ ಸಮಾಧಾನ ಬೇರೆ. ಐದು ನಿಮಿಷದಲ್ಲಿ ಭೂಮಿ ರೆಡಿ.

ನನ್ನ ತಕರಾರು ಇರೋದು ಈ ಐದು ನಿಮಿಷದ ಬಗ್ಗೆ.

ಕಂದು ಬಳಿಯೋದಕ್ಕೆ ಕಾರಣ ಇದೆ, ಅದನ್ನ ಒಪ್ಪಿಕೊಂಡೇ ಮುಂದೆ ಹೋಗೋಣ. ಪ್ಲಾಸ್ಟರ್ ಎಲ್ಲೋ ಒಂಚೂರು ಕೆತ್ತಿ ಹೋದರೆ, ಹುಲ್ಲಿನ ಪುಡಿ ಒಂದು ಕಡೆ ತೆಳ್ಳಗಾದರೆ, ಕೆಳಗಿನ ಬಿಳಿ ಇಣುಕಿ ಇಡೀ ಭ್ರಮೆ ಒಡೆದು ಹೋಗ್ತದೆ. ಬೇಸ್ ಬಣ್ಣ ಅದನ್ನ ತಡೀತದೆ. ಜೊತೆಗೆ ಹಸಿ ಬಣ್ಣದ ಮೇಲೆ ಉದುರಿಸಿದ ಪುಡಿ ಚೆನ್ನಾಗಿ ಹಿಡಿದುಕೊಳ್ತದೆ. ಇಷ್ಟೂ ಸರಿ. ಆದರೆ ‘ಮೇಲೆ ಮುಚ್ಚಿ ಹೋಗ್ತದೆ’ ಅನ್ನೋದು ಮಳೆ ಜಾಸ್ತಿ ಇರೋ ದೇಶದವರ ಮಾತು. ನಮ್ಮ ಕಡೆ ನೆಲ ವರ್ಷದಲ್ಲಿ ಅರ್ಧ ಕಾಲ ಬರಿಮೈಯಲ್ಲೇ ಇರ್ತದೆ. ಮುಚ್ಚೋಕೆ ಹುಲ್ಲೆಲ್ಲಿದೆ ಸ್ವಾಮಿ?

ಇದು ನನಗೆ ಹೊಳೆದದ್ದಲ್ಲ, ಹೇಳಿಸಿಕೊಂಡದ್ದು. ನಮ್ಮೂರು ಖಾನಾಪುರ ತಾಲೂಕಿನ ಪಾರಿಶ್ವಾಡ. ಊರಿಗೆ ರೈಲಿಲ್ಲ, ಹತ್ತಬೇಕಂದ್ರೆ ಖಾನಾಪುರಕ್ಕೇ ಹೋಗಬೇಕು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಎಂಟಡಿ-ನಾಲ್ಕಡಿ ಪ್ಲೈವುಡ್ ಮೇಲೆ ನಾನೇ ನಮ್ಮೂರಿಗೆ ಒಂದು ರೈಲು ತಂದೆ. 1:87 ಅಳತೆ. ಎಂಟಡಿ ಅಂದರೆ ನಿಜದ ಲೆಕ್ಕದಲ್ಲಿ ಸುಮಾರು 210 ಮೀಟರ್. ವಿಡಿಯೋದಲ್ಲಿ ಹೇಳಿದ ಹಾಗೇ ಡಬ್ಬಿ ತೆರೆದು ಕಂದು ಬಳಿದೆ. ಫೋಟೋ ಹಾಕಿದೆ, ಲೈಕೂ ಬಂತು.

ಆಸ್ಪತ್ರೆ ಕೆಲಸಕ್ಕೆ ಅಂತ ಬಂದಿದ್ದ ಕಾಕಾ ಅದರ ಮುಂದೆ ಬಹಳ ಹೊತ್ತು ನಿಂತರು.

“ಇದು ಯಾರ ಹೊಲಾನೋ ತಮ್ಮಾ?”

“ನಮ್ದ ರೀ ಕಾಕಾ. ಅಗಾ, ಅದ ನಮ್ಮ ಬಾವಿ.”

“ಬಾವಿ ನಮ್ದ ಐತಿ ಬಿಡು. ಮಣ್ಣ ನಮ್ದಲ್ಲ. ಎರಿ ಎಲ್ಲಿ, ಮಸಾರಿ ಎಲ್ಲಿ, ಮಡ್ಡಿ ಎಲ್ಲಿ? ಎಲ್ಲಾ ಒಂದ ಮಾಡಿಟ್ಟಿಯಲ್ಲೋ!” ಒಂದು ಕ್ಷಣ ಬಿಟ್ಟು ಅಂದರು: “ಮತ್ತ ಹಳಿ ಎರಿ ಹೊಲದಾಗ ಹಾಸೀಯಲ್ಲ, ಮಡ್ಡಿ ಮ್ಯಾಲೆ ಒಯ್ಯಬೇಕಿಲ್ಲೇನು?”

ಈ ಕೊನೆಯ ಮಾತು ನಾನು ಕೇಳಿದ ಅತ್ಯುತ್ತಮ ಕಲಾವಿಮರ್ಶೆ. ಎಲ್ಲ ಕಡೆ ಒಂದೇ ಕಂದು ಬಳಿದಿದ್ದರಿಂದಲೇ ಹಳಿ ಎಲ್ಲಿ ಬೇಕಾದರೂ ಹೋಗಬಹುದು ಅಂತ ನನಗೆ ಅನಿಸಿದ್ದು. ಎರಿ, ಅಂದರೆ ಕಪ್ಪು ಮಣ್ಣು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಳಿ ಹಾಕೋ ಎಂಜಿನಿಯರ್ ಮೊದಲು ಬೇರೆ ಗಟ್ಟಿ ಮಣ್ಣಿನ ಪದರ ಹಾಸಬೇಕು. ರೈತನಿಗೆ ಅದೇ ಮಣ್ಣು ಅನ್ನ. ಬೆಳಗಾವಿಯಿಂದ ಕಿತ್ತೂರಿನ ಮೇಲೆ ಧಾರವಾಡಕ್ಕೆ ಹೊಸ ರೈಲು ಮಾರ್ಗ ಮಂಜೂರಾದಾಗ ಆ ಕಡೆಯ ರೈತರು ಎತ್ತಿದ ಪ್ರಶ್ನೆಯೂ ಇದೇ: ಫಲವತ್ತಾದ ನೆಲ ಬಿಟ್ಟು ಬರಡು ನೆಲದಲ್ಲಿ ಒಯ್ಯಬಾರದೇ? ನಕ್ಷೆಯಲ್ಲಿ ನೆಲಕ್ಕೆ ಒಂದೇ ಬಣ್ಣ ಹಾಕಿದವರಿಗೆ ಈ ಪ್ರಶ್ನೆ ಅರ್ಥವಾಗೋದಿಲ್ಲ. ನನ್ನ ಪ್ಲೈವುಡ್ ಮೇಲೂ ಅದೇ ಆಗಿತ್ತು.

ನಾಚಿಕೆ ಆಗಿದ್ದು ಇನ್ನೊಂದಕ್ಕೆ. ಇದೆಲ್ಲ ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡೋಕೆ ಎರಿ ಮಣ್ಣೇ ಬೇಕು, ಮಸಾರಿ ತಂದರೆ ಕೊಂಬು ನಿಲ್ಲೋದಿಲ್ಲ. ದೀಪಾವಳಿಗೆ ಬೆಳಗಾವಿ, ಖಾನಾಪುರದ ಓಣಿಗಳಲ್ಲಿ ಹುಡುಗರು ಕಿಲ್ಲೆ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ ಒಟ್ಟಿ, ಮೇಲೆ ಕೆಂಪು ಮಣ್ಣು ಮೆತ್ತಿ, ಹಸಿ ಇರುವಾಗಲೇ ಸಾಸಿವೆ ಚೆಲ್ಲಿದರೆ ನಾಲ್ಕು ದಿನಕ್ಕೆ ಗುಡ್ಡ ಹಸಿರು. ಬೇಸ್, ಅಂಟು, ಹುಲ್ಲು ಎಲ್ಲಾ ಒಂದೇ ಕೆಲಸದಲ್ಲಿ! ಅಮೆರಿಕದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಒಣ ಪ್ಲಾಸ್ಟರಿಗೆ ಬಣ್ಣದ ಪುಡಿ ಕಲಸಿ ಹಸಿ ನೆಲದ ಮೇಲೆ ಉದುರಿಸೋ ವಿಧಾನವನ್ನ ಜನಪ್ರಿಯ ಮಾಡಿದರು. ಅದನ್ನ ಓದಿ ‘ವ್ಹಾ’ ಅಂದಿದ್ದ ನನಗೆ ನಮ್ಮ ಓಣಿಯ ಕಿಲ್ಲೆ ನೆನಪಾಗಲಿಲ್ಲ ನೋಡಿ.

ಹಾಗಾದರೆ ಊರ ಮಣ್ಣನ್ನೇ ತಂದು ಅಂಟಿಸಿದರೆ ಮುಗೀತಾ? ಅದನ್ನೂ ಮಾಡಿ ಕೆಟ್ಟೆ. ಕಾಕಾ ಕಳಿಸಿದ ಎರಡು ಚೀಲ ಮಣ್ಣು ಒಣಗಿಸಿ, ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕೂರಿಸಿದೆ. ಮಸಾರಿ ಕುಂಕುಮದ ಹಾಗಾಯ್ತು, ಎರಿ ಡಾಂಬರಿನ ಹಾಗೆ. ಅಂಟು ಒಣಗಿದ ಮೇಲೂ ಮಣ್ಣಿನ ಬಣ್ಣ ಗಾಢವಾಗಿಯೇ ಉಳೀತದೆ. ಮೇಲಾಗಿ ಹೊಲದ ಮೇಲೆ ಬೀಳೋದು ಸೂರ್ಯನ ಬೆಳಕು, ನನ್ನ ಕೋಣೆಯಲ್ಲಿರೋದು ಎರಡು ಎಲ್‌ಇಡಿ ಟ್ಯೂಬು. ದೂರದ ಹೊಲ ಧೂಳಿನ ಗಾಳಿಯಲ್ಲಿ ತಿಳಿಯಾಗಿ ಕಾಣ್ತದೆ, ಮೂರಡಿ ದೂರದ ಮಾಡೆಲ್‌ಗೆ ಆ ಗಾಳಿ ಇಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕಣ ಇರ್ತವೆ, ಅಯಸ್ಕಾಂತ ಆಡಿಸಿ ತೆಗೆಯದಿದ್ದರೆ ಎಂಜಿನ್ನಿನ ಮೋಟಾರಿಗೆ ಹತ್ತಿಕೊಳ್ತವೆ.

ಹಾಗಾಗಿ ನನ್ನ ವಾದ ‘ಡಬ್ಬಿ ಸುಳ್ಳು, ಮಣ್ಣು ಸತ್ಯ’ ಅಂತಲ್ಲ. ಡಬ್ಬಿಯೂ ಬೇಕು. ಆದರೆ ಡಬ್ಬಿ ತೆರೆಯೋ ಮೊದಲು ಎಲ್ಲಿ ಯಾವ ನೆಲ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೀಬೇಕು. ಈಗ ನಾನು ಮಾಡೋದು ಹೀಗೆ. ಊರ ಮಣ್ಣನ್ನ ಒಂದು ತಟ್ಟೆಯಲ್ಲಿ ಒಣದಾಗಿಯೇ ಪಕ್ಕಕ್ಕಿಡ್ತೀನಿ. ಬಣ್ಣ ಕಲಸಿ, ಬಿಳಿ ಸೇರಿಸಿ, ಅದಕ್ಕಿಂತ ಒಂದು ಮೆಟ್ಟಿಲು ತಿಳಿ ಮಾಡ್ತೀನಿ. ಅದೇ ಟ್ಯೂಬಿನ ಕೆಳಗೆ, ಒಣಗಿದ ಮೇಲೆ ನೋಡ್ತೀನಿ. ಎರಿಗೆ ಕರಿ ಬಣ್ಣ ಹಾಕೋದಿಲ್ಲ, ಬೂದಿ ಬೆರೆತ ಕಂದು ಸಾಕು. ಮಸಾರಿಗೆ ಕಾವಿ, ಸ್ವಲ್ಪ ಹಳದಿ. ಹಳಿಯ ಅಕ್ಕಪಕ್ಕ ಮಾತ್ರ ತುಕ್ಕಿನ ಛಾಯೆ, ಬ್ರೇಕಿನ ಕಬ್ಬಿಣದ ಧೂಳು ಬಿದ್ದೂ ಬಿದ್ದೂ ಅಲ್ಲಿನ ನೆಲ ಹಾಗಾಗಿರ್ತದೆ. ಎರಡು ಮಣ್ಣು ಕೂಡೋ ಕಡೆ ಗೆರೆ ಬೇಡ, ಹಸಿ ಇರುವಾಗಲೇ ಒಂದರೊಳಗೊಂದು ಎಳೆದುಬಿಡಬೇಕು. ಖಾನಾಪುರದ ಕೆಂಪು ಪೂರ್ವಕ್ಕೆ ಹೋಗ್ತಾ ಹೋಗ್ತಾ ಕಪ್ಪಾಗೋದೂ ಹೀಗೇ, ಯಾರಿಗೂ ಹೇಳದೆ.

ಹಳಿ ಕಿತ್ತು ಮಡ್ಡಿಯ ಮೇಲೆ ಹಾಕಿದೆ. ತಿರುವು ಜಾಸ್ತಿಯಾಯ್ತು, ಎರಡು ಬೋಗಿ ಆಗಾಗ ಹಳಿ ತಪ್ತವೆ. ವಿಡಿಯೋ ಕಾಲ್‌ನಲ್ಲಿ ಕಾಕಾಗೆ ತೋರಿಸಿದೆ. ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ.

“ಈ ಸಲ ಅಲ್ಲಿ ಏನ ಬಿತ್ತಿ?” ಅಂದರು.