ಚಕ್ರ ನಿಲ್ಲುವ ಜಾಗ

ಪಿವಿಸಿ ಪೈಪಿನ ತುಂಡಿಗೆ ಎರಡೂ ಕಡೆ ಬೇರಿಂಗ್ ಕೂರಿಸಿ, ಅದರ ಮೈಸುತ್ತ ಪುಟ್ಟ ಮ್ಯಾಗ್ನೆಟ್‌ಗಳನ್ನು ‘ವಿ’ ಆಕಾರದ ಎರಡು ಸಾಲಾಗಿ ಅಂಟಿಸುತ್ತಾರೆ. ಇನ್ನೊಂದು ಮ್ಯಾಗ್ನೆಟ್ಟನ್ನು ಹತ್ತಿರ ಹಿಡಿದರೆ ಪೈಪು ತಾನಾಗಿ ತಿರುಗತೊಡಗುತ್ತದೆ. ಸಾಲಿನ ಕೊನೆಯೂ ಮೊದಲೂ ಕೂಡುವಲ್ಲಿಗೆ ಬಂದಾಗ ಗಕ್ಕನೆ ತಡೆದು, ಹಿಂದೆಮುಂದೆ ಎರಡು ಸಲ ತೂಗಿ ನಿಂತುಬಿಡುತ್ತದೆ. ವಿದ್ಯುತ್ತು, ಇಂಧನ ಯಾವುದೂ ಇಲ್ಲದೆ ಸದಾ ತಿರುಗುವ ಯಂತ್ರ ಕಟ್ಟಲು ಹೊರಟ ಹವ್ಯಾಸಿಗಳಿಗೆ ಈ ಜಾಗ ಚಿರಪರಿಚಿತ. ಅವರ ಕೆಲಸವನ್ನು ತೂಗಿ ನೋಡಬೇಕಾದದ್ದೂ ಇಲ್ಲಿಯೇ. ಚಕ್ರ ನಿಂತ ಮೇಲೆ ಅವರು ಯಾವುದನ್ನು ಪ್ರಶ್ನಿಸುತ್ತಾರೆ, ತಮ್ಮ ಕೈಯನ್ನೋ, ತಮ್ಮ ನಂಬಿಕೆಯನ್ನೋ?

ಈ ಹಂಬಲ ಹಳೆಯದು. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ, ಟೊಳ್ಳು ಅರೆಗಳಲ್ಲಿ ಪಾದರಸ ತುಂಬಿ ತಾನೇ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ. ಅಯಸ್ಕಾಂತದ ಚಕ್ರ ಕಾಣುವುದು 1269ರಲ್ಲಿ, ಫ್ರಾನ್ಸಿನ ಪೆಟ್ರಸ್ ಪೆರೆಗ್ರಿನಸ್ ಬರೆದ ಪತ್ರದಲ್ಲಿ. ಸಜಾತಿ ಧ್ರುವಗಳು ದೂಡುತ್ತವೆ, ವಿಜಾತಿ ಧ್ರುವಗಳು ಸೆಳೆಯುತ್ತವೆ, ತುಂಡು ಮಾಡಿದರೆ ಪ್ರತಿ ತುಂಡಿಗೂ ಎರಡು ಧ್ರುವಗಳಿರುತ್ತವೆ ಎಂದು ಕೈಯಾರೆ ಪರೀಕ್ಷಿಸಿ ಹೇಳಿದ್ದೂ ಅದೇ ಪತ್ರ. ಆಕಾಶದೊಡನೆ ತಾನೂ ತಿರುಗುವ ಅಯಸ್ಕಾಂತದ ಗೋಳವೊಂದನ್ನೂ ಆತ ವಿವರಿಸುತ್ತಾನೆ. ಅದು ತಿರುಗದಿದ್ದರೆ ತಪ್ಪು ಪ್ರಕೃತಿಯದಲ್ಲ, ನಿನ್ನ ಕೈಚಳಕದ್ದು ಎನ್ನುತ್ತಾನೆ. ಪರೀಕ್ಷಿಸಿ ಹೇಳಿದ ಮಾತು ಇಂದಿಗೂ ಪಠ್ಯಪುಸ್ತಕದಲ್ಲಿದೆ. ಆದರೆ ಹವ್ಯಾಸಿಗಳು ಹಿಡಿದುಕೊಂಡದ್ದು ಎರಡನೆಯ ಮಾತನ್ನು. ಬೇರಿಂಗ್ ಸರಿಯಿಲ್ಲ, ಕೋನ ತಪ್ಪಿತು, ಮ್ಯಾಗ್ನೆಟ್ ಇನ್ನೂ ಬಲವಾಗಿರಬೇಕಿತ್ತು ಎಂದು ಪ್ರತಿ ಸೋಲಿಗೂ ಕೈಯನ್ನೇ ಹೊಣೆ ಮಾಡುತ್ತಾರೆ.

ಈ ಹವ್ಯಾಸಿಗಳ ಇನ್ನೊಂದು ಪ್ರಯೋಗವಾದ ಮ್ಯಾಗ್ನೆಟ್ ಇಳಿಜಾರನ್ನು ನಾನೇ ಮಾಡಿ ನೋಡಿದ್ದೇನೆ. ಎರಡು ಸಾಲು ಮ್ಯಾಗ್ನೆಟ್‌ಗಳನ್ನು ಕ್ರಮೇಣ ಹತ್ತಿರವಾಗುವಂತೆ ಜೋಡಿಸಿ, ನಡುವೆ ಒಂದು ಸ್ಕೇಲನ್ನು ಸ್ವಲ್ಪ ಏರಿಸಿಟ್ಟೆ. ಬೇರಿಂಗಿನ ಉಕ್ಕಿನ ಗುಂಡನ್ನು ಬುಡದಲ್ಲಿಟ್ಟು ಬಿಟ್ಟರೆ ಅದು ಸರಸರನೆ ಏರು ಹತ್ತುತ್ತದೆ, ತುದಿಯಲ್ಲಿ ಕೆಳಗೆ ಬೀಳುತ್ತದೆ. ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತು. ಇಂಥ ನಾಲ್ಕನ್ನು ವೃತ್ತಾಕಾರವಾಗಿ ಜೋಡಿಸಿದರೆ ಸಾಕಲ್ಲ ಎನ್ನಿಸಿತು. ಆಮೇಲೆ ಅಳೆದೆ. ಗುಂಡು ಮ್ಯಾಗ್ನೆಟ್‌ಗಳ ಹಿಡಿತದಿಂದ ಪೂರ್ತಿ ಬಿಡಿಸಿಕೊಂಡು ಬಿದ್ದ ಜಾಗ, ನಾನು ಅದನ್ನಿಟ್ಟ ಜಾಗಕ್ಕಿಂತ ಪ್ರತಿ ಸಲವೂ ಕೆಳಗಿತ್ತು. ಹತ್ತಲು ಮ್ಯಾಗ್ನೆಟ್ ಕೊಟ್ಟದ್ದು ಕೈಸಾಲ. ಹೊರಡುವಾಗ ಅದನ್ನು ಪೂರ್ತಿ ತೀರಿಸಬೇಕು, ಜೊತೆಗೆ ಘರ್ಷಣೆಯ ಪಾಲನ್ನೂ ಕೊಡಬೇಕು. ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ 1648ರಲ್ಲೇ ಇಂಥದೇ ಇಳಿಜಾರನ್ನು ವಿವರಿಸಿ, ಗುಂಡನ್ನು ಮೇಲಕ್ಕೆಳೆಯುವಷ್ಟು ಬಲವಿರುವ ಅಯಸ್ಕಾಂತ ಅದನ್ನು ತುದಿಯಲ್ಲಿರುವ ತೂತಿನೊಳಗೆ ಬೀಳಲು ಬಿಡುವುದಿಲ್ಲ ಎಂದು ತೋರಿಸಿಕೊಟ್ಟಿದ್ದರು.

ಹವ್ಯಾಸಿಗಳ ಪ್ರಬಲ ವಾದವೊಂದಿದೆ: ಫ್ರಿಜ್ಜಿನ ಬಾಗಿಲಿಗೆ ಅಂಟಿದ ಮ್ಯಾಗ್ನೆಟ್ ವರ್ಷಗಟ್ಟಲೆ ಬೀಳುವುದಿಲ್ಲ, ಆ ಶಕ್ತಿಯನ್ನು ಬಳಸಿಕೊಳ್ಳಬಾರದೇಕೆ? ಗೋಡೆಯ ಮೊಳೆಯೂ ಕ್ಯಾಲೆಂಡರನ್ನು ವರ್ಷವಿಡೀ ಹೊತ್ತಿರುತ್ತದೆ. ಮೊಳೆಯಲ್ಲಿ ಶಕ್ತಿಯ ಕಣಜವಿದೆಯೆಂದು ನಾವು ಹೇಳುವುದಿಲ್ಲ. ಬಲ ಬೇರೆ, ಕೆಲಸ ಬೇರೆ. ವಸ್ತು ಬಲದ ದಿಕ್ಕಿನಲ್ಲಿ ಸರಿದರಷ್ಟೇ ಕೆಲಸ. ಸರಿದದ್ದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೇ ಬಂದರೆ ಸ್ಥಿರ ಮ್ಯಾಗ್ನೆಟ್ಟುಗಳ ಲೆಕ್ಕದಲ್ಲಿ ಉಳಿಯುವುದು ಸೊನ್ನೆ. 1980ರ ದಶಕದಲ್ಲಿ ಬಂದ ನಿಯೋಡೈಮಿಯಂ ಮ್ಯಾಗ್ನೆಟ್‌ಗಳು ಈ ಲೆಕ್ಕವನ್ನು ಬದಲಿಸಲಿಲ್ಲ. ಸೆಳೆತ ಹೆಚ್ಚಿದಷ್ಟೇ ಹಿಡಿತವೂ ಹೆಚ್ಚಿತು.

ನನ್ನ ತಕರಾರು ಇರುವುದು ಪ್ರದರ್ಶನದ ರೀತಿಯ ಬಗ್ಗೆ. ತಿರುಗುವ ಪೈಪಿನ ವಿಡಿಯೊಗಳಲ್ಲಿ ಮಾಡುವವರ ಕೈಯನ್ನು ಗಮನಿಸಿ. ಪೈಪು ತಡೆಯುವ ಜಾಗಕ್ಕೆ ಬರುವ ಕ್ಷಣದಲ್ಲಿ ಮ್ಯಾಗ್ನೆಟ್ ಹಿಡಿದ ಕೈ ಚೂರು ಹಿಂದೆ ಸರಿಯುತ್ತದೆ, ದಾಟಿದೊಡನೆ ಮುಂದೆ ಬರುತ್ತದೆ. ಯಂತ್ರವನ್ನು ಓಡಿಸುತ್ತಿರುವುದು ಆ ಕೈ. ಎಷ್ಟೋ ಸಲ ಇದು ಮೋಸವಲ್ಲ, ಮಾಡುವವರಿಗೇ ಅದು ತಿಳಿದಿರುವುದಿಲ್ಲ. ಆದರೆ ಹಣ ಬಂದು ಕೂಡಿದಾಗ ಪರಿಣಾಮ ಭಾರಿಯಾಗುತ್ತದೆ. ಐರ್ಲೆಂಡಿನ ಸ್ಟಿಯಾರ್ನ್ ಕಂಪನಿ 2006ರಲ್ಲಿ ‘ದಿ ಎಕಾನಮಿಸ್ಟ್’ನಲ್ಲಿ ಜಾಹೀರಾತು ಕೊಟ್ಟು, ತನ್ನ ಇಂಥದೇ ಯಂತ್ರದ ಪರೀಕ್ಷೆಗೆ ವಿಜ್ಞಾನಿಗಳನ್ನು ಕರೆಯಿತು. ಶಕ್ತಿ ಉತ್ಪಾದನೆಗೆ ಪುರಾವೆಯಿಲ್ಲವೆಂದು ಆ ತಜ್ಞರ ಮಂಡಳಿ 2009ರಲ್ಲಿ ಒಮ್ಮತದಿಂದ ಹೇಳಿತು. ಇಂಥ ಯಂತ್ರಗಳ ಪ್ರಸ್ತಾಪವನ್ನು ಇನ್ನು ಪರಿಶೀಲಿಸುವುದಿಲ್ಲವೆಂದು 1775ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ನಿರ್ಧರಿಸಿದಾಗ ಕೊಟ್ಟ ಕಾರಣಗಳಲ್ಲಿ, ಈ ಬೆನ್ನಟ್ಟುವಿಕೆಯಿಂದ ಮನೆಗಳು ಹಾಳಾಗಿವೆ ಎಂಬುದೂ ಒಂದು. ಅದರಲ್ಲಿ ಕರುಣೆಯಿದೆ. ನಿಸರ್ಗ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದುದಕ್ಕೆ ನಮ್ಮ 1970ರ ಪೇಟೆಂಟ್ ಕಾಯ್ದೆಯೂ ಹಕ್ಕು ಕೊಡುವುದಿಲ್ಲ.

ಹಾಗೆಂದು ಈ ಕೈಗಳನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇರಿಂಗಿನ ನಡುಕ ಕಿವಿಯಲ್ಲೇ ಗುರುತಿಸುವ, ಕೂದಲೆಳೆಯ ಅಂತರಕ್ಕೆ ಮ್ಯಾಗ್ನೆಟ್ ಕೂರಿಸುವ ತಾಳ್ಮೆ ನಮ್ಮ ಶಾಲೆಗಳ ಪ್ರಯೋಗಾಲಯಗಳಲ್ಲಿ ಅಪರೂಪ. ಅವರ ಕೆಲಸದಲ್ಲಿ ಕೊರತೆಯಿರುವುದು ಒಂದು ಅಳತೆಪಟ್ಟಿ ಮತ್ತು ಒಂದು ನೋಟ್‌ಬುಕ್ಕಿಗೆ. ಮ್ಯಾಗ್ನೆಟ್ಟನ್ನು ಕ್ಲ್ಯಾಂಪಿಗೆ ಬಿಗಿದು ಕೈ ದೂರವಿಡಲಿ. ಗುಂಡನ್ನಿಟ್ಟ ಎತ್ತರ, ಬಿದ್ದ ಎತ್ತರ ಎರಡನ್ನೂ ಬರೆದಿಡಲಿ. ಚಕ್ರ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ, ಹತ್ತು ಸಲ ತಿರುಗಿಸಿ ನೋಡಲಿ. ಹತ್ತೂ ಸಲ ಅಲ್ಲಿಯೇ ನಿಂತರೆ ಅದು ಕೈಯ ತಪ್ಪಲ್ಲ. ಪೆರೆಗ್ರಿನಸ್ ಧ್ರುವಗಳನ್ನು ಗುರುತಿಸಿದಷ್ಟೇ ಗಟ್ಟಿಯಾಗಿ, ಅವರೂ ಒಂದು ಸತ್ಯವನ್ನು ಕೈಯಾರೆ ಗುರುತಿಸಿದಂತಾಯಿತು.