ಹುಡುಕಿದವಳ ಮಾತು, ಹೆಸರಿಟ್ಟವರ ಮಾತು

ಚಿಮ್ಮನಚೋಡದ ನಮ್ಮ ಮನೆಯ ಪಡಸಾಲೆಗೆ ಹಾಸಿರುವುದು ಶಹಾಬಾದ್ ಪರ್ಸಿ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿ ಮೈಯಲ್ಲಿ ಉರುಳಾಡುವುದು ನಮ್ಮ ಕಡೆಯ ದೊಡ್ಡ ಸುಖ. ಹಾಗೆ ಮಲಗಿಕೊಂಡೇ ನಾನು ಟ್ರೇಸಿ ಶೆವಲಿಯರ್ ಅವರ 'ರಿಮಾರ್ಕಬಲ್ ಕ್ರೀಚರ್ಸ್' ಓದಿದೆ. 2009ರಲ್ಲಿ ಬಂದ ಈ ಕಾದಂಬರಿಯ ತುಂಬ ಸುಣ್ಣಕಲ್ಲು. ಬೆನ್ನ ಕೆಳಗೂ ಸುಣ್ಣಕಲ್ಲು. ಪುಸ್ತಕವನ್ನು ನಾನು ಓದಿದ ರೀತಿಗೆ ಇದೂ ಒಂದು ಕಾರಣವಿರಬೇಕು.

ಕತೆ ನಡೆಯುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಕಡಲಿಗೆ ಮುಖ ಮಾಡಿ ನಿಂತ ಬಂಡೆಗೋಡೆಯಲ್ಲಿ ಒಂದು ಪದರ ಸುಣ್ಣಕಲ್ಲು, ಒಂದು ಪದರ ಜೇಡಿಗಲ್ಲು. ಸುಮಾರು 20 ಕೋಟಿ ವರ್ಷದ ಹಿಂದಿನ ಕಡಲಜೀವಿಗಳು ಆ ಪದರಗಳೊಳಗೆ ಕಲ್ಲಾಗಿವೆ. ಮಳೆಗೆ ಮೇಲಿನ ಮಣ್ಣು ಜಾರುತ್ತದೆ, ಅಲೆಗಳು ಬುಡ ಕೊರೆಯುತ್ತವೆ, ಚಳಿಗಾಲದಲ್ಲಿ ಗೋಡೆಯ ಒಂದು ಭಾಗ ಕುಸಿದು ದಂಡೆಗೆ ಬೀಳುತ್ತದೆ. ಹಾಗೆ ಬಿದ್ದದ್ದನ್ನು ಬೇಗ ಎತ್ತಿಕೊಳ್ಳದಿದ್ದರೆ ಕಡಲು ಅದನ್ನು ಪುಡಿ ಮಾಡುತ್ತದೆ. ಸಂಗ್ರಹಿಸುವುದು, ಕಾಪಾಡುವುದು ಎಂಬ ಎರಡು ಬೇರೆ ಕೆಲಸಗಳು ಅಲ್ಲಿಲ್ಲ.

ಈ ಕೆಲಸ ಮಾಡಿದವಳು ಮೇರಿ ಆನಿಂಗ್. ಅಪ್ಪ ಬಡಗಿ. ದಂಡೆಯ ಮೇಲೆ ಆಯ್ದ ವಿಚಿತ್ರ ಕಲ್ಲುಗಳನ್ನು ಪ್ರವಾಸಿಗರಿಗೆ ಮಾರುವುದು ಮನೆಯ ಉಪಕಸುಬು. ಅಪ್ಪ 1810ರಲ್ಲಿ ತೀರಿಕೊಂಡ ಮೇಲೆ ಅದೇ ಗಂಜಿಯ ದಾರಿಯಾಯಿತು. ಮರುವರ್ಷ ಅಣ್ಣ ಜೋಸೆಫ್ ಒಂದು ದೊಡ್ಡ ತಲೆಬುರುಡೆ ಕಂಡ. ಅದರ ಉಳಿದ ದೇಹವನ್ನು ಹುಡುಕಿ ತೆಗೆಯುವಾಗ ಮೇರಿಗೆ 12-13 ವರ್ಷ. ಮುಂದೆ ಇಕ್ತಿಯೋಸಾರ್ ಎಂದು ಹೆಸರಾದ ಈ ಜೀವಿಯನ್ನು ಊರಿನ ಜಮೀನ್ದಾರ 23 ಪೌಂಡಿಗೆ ಕೊಂಡ. 1819ರ ಹರಾಜಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಅದಕ್ಕೆ 45 ಪೌಂಡ್ ಕೊಟ್ಟಿತು. ಮೇರಿಯ ಮನೆಗೆ ಬಂದದ್ದು ಮೊದಲಿನ 23 ಮಾತ್ರ.

ನಮ್ಮ ಓದುಗರಿಗೆ ಈ ಕಲ್ಲುಗಳು ತೀರ ಅಪರಿಚಿತವೇನಲ್ಲ. ಮೇರಿ ಬುಟ್ಟಿಗಟ್ಟಲೆ ಆಯ್ದು ಮಾರುತ್ತಿದ್ದ, ಸುರುಳಿ ಸುತ್ತಿದ ಅಮೊನೈಟ್‌ನ ಬಂಧುಗಳೇ ಗಂಡಕಿ ನದಿಯಿಂದ ಬಂದು ನಮ್ಮ ದೇವರ ಪೆಟ್ಟಿಗೆಗಳಲ್ಲಿ ಸಾಲಿಗ್ರಾಮವಾಗಿ ಕೂತಿವೆ. ತಲೆಮಾರುಗಳಿಂದ ಹಾಲೆರೆದು ಒರೆಸಿಟ್ಟ ಪಳೆಯುಳಿಕೆಗಳು ಅವು.

ಶೆವಲಿಯರ್ ಈ ಕತೆಯನ್ನು ಇಬ್ಬರ ಬಾಯಲ್ಲಿ ಹೇಳಿಸುತ್ತಾರೆ. ಒಬ್ಬಳು ಮೇರಿ. ಇನ್ನೊಬ್ಬಳು ಲಂಡನ್ನಿನಿಂದ ಬಂದು ನೆಲೆಸಿದ, ಮದುವೆಯಾಗದ, ಮೀನಿನ ಪಳೆಯುಳಿಕೆಗಳನ್ನು ಕೂಡಿಡುವ ಎಲಿಜಬೆತ್ ಫಿಲ್ಪಾಟ್. ಇಬ್ಬರೂ ನಿಜವಾಗಿ ಬದುಕಿದ್ದವರು. ಫಿಲ್ಪಾಟ್ ಸಂಗ್ರಹ ಇಂದಿಗೂ ಆಕ್ಸ್‌ಫರ್ಡಿನ ಮ್ಯೂಸಿಯಂನಲ್ಲಿದೆ. ಕಾದಂಬರಿ ಗೆಲ್ಲುವುದು ಕೈಗಳ ಬಗ್ಗೆ ಬರೆಯುವಾಗ. ಚಳಿಗೆ ಒಡೆದ ಬೆರಳು, ಉಗುರಿನ ಸಂದಿಯ ಜೇಡಿ, ಎಲುಬು ಯಾವುದು ಕಲ್ಲು ಯಾವುದು ಎಂದು ತಿಳಿಯದೆ ಉಳಿ ಹಿಡಿದು ತಡೆದು ನಿಲ್ಲುವ ಕ್ಷಣ. ಅಗೆದು ತೆಗೆಯುವುದಕ್ಕಿಂತ ಬಿಡಿಸಿ ಸ್ವಚ್ಛ ಮಾಡುವುದರಲ್ಲೇ ಹೆಚ್ಚು ಬುದ್ಧಿ ಬೇಕು ಎಂಬುದನ್ನು ಲೇಖಕಿ ಒಂದು ಸಲವೂ ಭಾಷಣ ಮಾಡದೆ ಕಾಣಿಸುತ್ತಾರೆ.

ಸೋಲುವುದು ಕರ್ನಲ್ ಬರ್ಚ್ ಬಂದಾಗ. ಈತ 1820ರಲ್ಲಿ ತನ್ನ ಸಂಗ್ರಹವನ್ನೆಲ್ಲ ಹರಾಜು ಹಾಕಿ ಬಂದ 400 ಪೌಂಡನ್ನು ಆನಿಂಗ್ ಮನೆಗೆ ಕೊಟ್ಟದ್ದು ಚರಿತ್ರೆ. ಕಾದಂಬರಿಯಲ್ಲಿ ಇಬ್ಬರು ಹೆಂಗಸರಿಗೂ ಅವನ ಮೇಲೆ ಮನಸ್ಸಾಗಿ, ಮುನಿಸು ಬೆಳೆದು, ಗೆಳೆತನ ಮುರಿಯುತ್ತದೆ. ಇದನ್ನು ಒಪ್ಪಲು ನನಗಾಗಲಿಲ್ಲ. ಪ್ರೇಮ ಇರಬಾರದು ಅಂತಲ್ಲ. ಮೇರಿಗೆ ಆದ ಅನ್ಯಾಯಕ್ಕೆ ಪ್ರೇಮದ ಆಧಾರ ಬೇಕಿರಲಿಲ್ಲ. ಆ ಅನ್ಯಾಯ ಏನೆಂಬುದು 1824ರ ಫೆಬ್ರುವರಿಯಲ್ಲೇ ಇದೆ: ಅವಳು ತೆಗೆದ ಪ್ಲೀಸಿಯೋಸಾರ್ ಅನ್ನು ಕೋನಿಬೇರ್ ಎಂಬ ಪಾದ್ರಿ-ವಿಜ್ಞಾನಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯಲ್ಲಿ ವಿವರಿಸಿದ, ಹುಡುಕಿದವಳ ಹೆಸರು ಹೇಳಲಿಲ್ಲ. ಹೆಂಗಸರಿಗೆ ಆ ಸಭೆಗೆ ಪ್ರವೇಶವೇ ಇರಲಿಲ್ಲ. ಎಲಿಜಬೆತ್ ಹೊರಗಿನಿಂದ ಕಿವಿಗೊಟ್ಟು ಕೇಳುವ ಪ್ರಸಂಗ ಬರ್ಚ್‌ನ ಅಷ್ಟೂ ಪುಟಗಳಿಗಿಂತ ಆಳವಾಗಿ ನಾಟುತ್ತದೆ. ಒಳಗೆ ಕಲ್ಲಿಗೆ ಹೆಸರು ಸಿಗುತ್ತಿದೆ, ಹೊರಗಿನವರ ಹೆಸರು ಕಳೆಯುತ್ತಿದೆ.

ಮೇರಿಯ ಅಧ್ಯಾಯಗಳ ಇಂಗ್ಲಿಷ್ ಶಿಷ್ಟವಲ್ಲ. ಅವಳು ಮಾರುವ ಕಲ್ಲುಗಳನ್ನು 'ಕ್ಯೂರಿ' ಅನ್ನುತ್ತಾಳೆ, ಎಲಿಜಬೆತ್ ಮಾತ್ರ ಪಾಠದ ಮೇಷ್ಟ್ರ ಹಾಗೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾಳೆ. ಇದನ್ನು ಕನ್ನಡಕ್ಕೆ ತರುವವರು ಮೇರಿಗೆ ಯಾವ ಕನ್ನಡ ಕೊಡುತ್ತಾರೆ? ಪಠ್ಯಪುಸ್ತಕದ ಕನ್ನಡ ಕೊಟ್ಟರೆ ಕಾದಂಬರಿ ಅರ್ಧ ಸತ್ತಂತೆ. ನನ್ನ ಕಿವಿಗೆ ಅವಳು ನಮ್ಮ ಕಡೆಯವಳಾಗಿಯೇ ಕೇಳಿಸಿದಳು: "ನಾ ಹುಡಕೀನ್ರಿ, ಅವ್ರು ಬಂದು ಹೆಸ್ರು ಇಟ್ಟಾರ." ಈ ವಾಕ್ಯ ಪುಸ್ತಕದಲ್ಲಿಲ್ಲ, ನನ್ನದು. ಆದರೆ ಪುಸ್ತಕದ ತುಂಬ ಅದೇ ಇದೆ. ಹಾಸ್ಯದ ಪಾತ್ರಗಳಿಗೆ ಮಾತ್ರ ಮೀಸಲಿಟ್ಟು ರೂಢಿಯಾದ ಕಲಬುರಗಿ ಮಾತಿನಲ್ಲಿ ಒಬ್ಬ ಹುಡುಗಿ ಬೆನ್ನೆಲುಬಿನ ಕೀಲುಗಳನ್ನು ಎಣಿಸಿ, ಜೋಡಿಸಿ, ಪ್ಯಾರಿಸ್ಸಿನ ಕ್ಯುವಿಯೆಯಂಥವನ ಅನುಮಾನಕ್ಕೂ ಜಗ್ಗದೆ ನಿಲ್ಲುವುದನ್ನು ಓದಲು ನನಗೆ ಆಸೆ.

ಇಲ್ಲಿ ತೇಜಸ್ವಿಯವರ 'ಕರ್ವಾಲೊ' ನೆನಪಾಗದೆ ಇರದು. 1980ರ ಆ ಕಾದಂಬರಿಯಲ್ಲಿ ಊರವರ ಕಣ್ಣಿಗೆ ನಿಷ್ಪ್ರಯೋಜಕನಾದ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ತನ್ನ ಸಮಾನನೆಂದೇ ಕಾಣುತ್ತಾನೆ. ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಕೊಂಡವನ ಕಣ್ಣಿನ ಬೆಲೆ ಅವನಿಗೆ ಗೊತ್ತು. ಮೇರಿಗೆ ಸಿಗದ ಮರ್ಯಾದೆ ಮಂದಣ್ಣನಿಗೆ ಸಿಕ್ಕಿತು. ಕೊನೆಗೆ ಹಾರುವ ಓತಿ ಕೈಗೆ ಸಿಗದೆ ಕಮರಿಯ ಮೇಲೆ ತೇಲಿ ಹೋಗುವುದೂ ಅಲ್ಲಿ ನಷ್ಟವಲ್ಲ, ಅದು ಜೀವ ಉಳಿಸಿಕೊಂಡಿತು. ಲೈಮ್‌ನಲ್ಲಿ ಮಾತ್ರ ಕೈತಪ್ಪಿದ್ದು ಕಡಲಪಾಲು. (ಎರಡು ಕಡೆಯೂ ನಾಯಿಗಳಿವೆ. ಕಿವಿಯ ಚೇಷ್ಟೆಗೆ ನಕ್ಕವರು, ಮೇರಿಯ ನಾಯಿ ಟ್ರೇ 1833ರಲ್ಲಿ ಅವಳ ಕಾಲ ಬಳಿಯೇ ಬಂಡೆ ಕುಸಿದು ಸತ್ತದ್ದನ್ನು ತಿಳಿದು ಸುಮ್ಮನಾಗುತ್ತಾರೆ.)

ನಮ್ಮ ಕಲ್ಲಿಗೆ ಬರೋಣ. ಪರ್ಸಿಯಲ್ಲಿ ಮೇರಿಯ ಪ್ರಾಣಿಗಳು ಸಿಗುವುದಿಲ್ಲ. ಭೀಮಾ ಕಣಿವೆಯ ಈ ಪದರಗಳು ಬೆನ್ನೆಲುಬುಳ್ಳ ಜೀವಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನವು. ಅಂದಮಾತ್ರಕ್ಕೆ ಬರಿದಲ್ಲ. ಭೀಮಾ ಶಿಲಾಪದರಗಳಲ್ಲಿ ಚುವಾರಿಯಾ ಎಂಬ ಸಣ್ಣ ಕಪ್ಪು ದುಂಡು ಗುರುತುಗಳಿವೆ ಎಂದು 1983ರಲ್ಲಿ ಭೂವಿಜ್ಞಾನಿಗಳು ವರದಿ ಮಾಡಿದರು. ಆ ಹೆಸರು ಬಂದದ್ದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಕಲ್ಲಿನಿಂದ, 1899ರಲ್ಲಿ. ನೋಡಿದರೆ ಮಸಿಯ ಚುಕ್ಕೆ ಅನ್ನಬೇಕು. ಹಲ್ಲಿಲ್ಲ, ಕಣ್ಣಿಲ್ಲ, ಮ್ಯೂಸಿಯಂನಲ್ಲಿ ಜನ ಸೇರಿಸುವ ಯಾವ ಗುಣವೂ ಇಲ್ಲ.

ಇಂಥದ್ದರ ಮೇಲೆ ಕಾದಂಬರಿ ಬರೆಯುವುದು ಇಕ್ತಿಯೋಸಾರ್ ಮೇಲೆ ಬರೆಯುವುದಕ್ಕಿಂತ ಕಷ್ಟ. ಆದರೆ ಅದಕ್ಕೆ ಬೇಕಾದ ಪಾತ್ರ ನಮ್ಮಲ್ಲಿದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಖಣಿಗಳಲ್ಲಿ ಪದರ ಹಿಡಿದು ಕಲ್ಲು ಎಬ್ಬಿಸುವವರ ಕಣ್ಣು ಮೇರಿಯ ಕಣ್ಣಿನ ಜಾತಿಯದೇ. ಎಲ್ಲಿ ಉಳಿ ಇಟ್ಟರೆ ಕಲ್ಲು ಸೀಳುತ್ತದೆ, ಎಲ್ಲಿಟ್ಟರೆ ಒಡೆಯುತ್ತದೆ ಎಂಬುದನ್ನು ಅವರು ಬಡಿದ ಸದ್ದಿನಿಂದ ಹೇಳುತ್ತಾರೆ. ಕಲ್ಲಿನ ಮೇಲಿನ ಮಚ್ಚೆಯನ್ನು ಮೊದಲು ನೋಡುವವರೂ ಅವರೇ. ಮಚ್ಚೆ ಇದ್ದ ಪರ್ಸಿಗೆ ರೇಟು ಬರುವುದಿಲ್ಲವೆಂದು ಪಕ್ಕಕ್ಕೆ ಎಸೆಯುವವರೂ ಅವರೇ.

ಪುಸ್ತಕ ಮುಗಿಸಿ ಎದ್ದು ಪಡಸಾಲೆಯ ಒಂದೊಂದೇ ಪರ್ಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದೆ. ಏನೂ ಇರಲಿಲ್ಲ. ನಮ್ಮ ಅವ್ವ ಮಾತ್ರ, ಇವತ್ತು ಯಾರು ಬರೋರಿದ್ದಾರ ಅಂತ ಕೇಳಿದಳು.