ಸಿಗರೇಟು ಪ್ಯಾಕಿನ ನಟಿಯರು

ಬೈಲಕುಪ್ಪೆ ಸುತ್ತಿನ ಪಿರಿಯಾಪಟ್ಟಣ, ಹುಣಸೂರಿನ ಹೊಲಗಳಲ್ಲಿ ಬೆಳೆಯುವ ತಂಬಾಕಿಗೆ ವರ್ಜೀನಿಯಾ ಎಂದೇ ಹೆಸರು. ಆ ಹೆಸರಿನ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲೇ, ರಿಚ್ಮಂಡ್ ನಗರದ ಆಲೆನ್ ಅಂಡ್ ಜಿಂಟರ್ ಕಂಪನಿ 1880ರ ದಶಕದಲ್ಲಿ ಸಿಗರೇಟು ಪೊಟ್ಟಣದೊಳಗೆ ಪುಟ್ಟ ರಟ್ಟೊಂದನ್ನು ಇಡುತ್ತಿತ್ತು. ಮೆತ್ತನೆಯ ಕಾಗದದೊಳಗೆ ಸಿಗರೇಟು ಮುರಿಯದಿರಲೆಂದು ಇಟ್ಟದ್ದು ಅದು. ಅದರ ಮೇಲೆ ರಂಗನಟಿಯರ ಚಿತ್ರ ಅಚ್ಚಾದದ್ದೇ ತಡ, ಜನ ಸರಣಿ ಪೂರ್ತಿ ಮಾಡಲು ಮುಗಿಬಿದ್ದರು.

ಅಂಗೈಯಲ್ಲಿ ಅಡಗುವಷ್ಟು ಜಾಗ. ಅಷ್ಟರಲ್ಲೇ ಕಲ್ಲಚ್ಚಿನ (ಲಿಥೋಗ್ರಫಿ) ಮುದ್ರಕರು ಬಣ್ಣದ ಮೇಲೆ ಬಣ್ಣ ಒತ್ತಿ ಕೆನ್ನೆಯ ಕೆಂಪು, ಟೋಪಿಯ ಗರಿ, ಕೊರಳ ಲೇಸು ಎಲ್ಲವನ್ನೂ ತಂದರು. ಭೂತಗನ್ನಡಿ ಹಿಡಿದರೆ ಬರೀ ಚುಕ್ಕಿಗಳು! ಪ್ರತಿಸ್ಪರ್ಧಿ ಡ್ಯೂಕ್ ಸಿಗರೇಟು ಕಂಪನಿ ನಟಿಯರ ಫೋಟೊಗಳನ್ನೂ ಹಂಚಿತು. ನನಗೆ ಕಲ್ಲಚ್ಚೇ ಇಷ್ಟ. ಆ ಕಂಪನಿಯ ಸ್ಥಾಪಕ, ಹಿರಿಯ ವಾಷಿಂಗ್ಟನ್ ಡ್ಯೂಕ್‌ಗೆ ಆ ಫೋಟೊಗಳು ಅಸಭ್ಯವೆನಿಸಿ 1894ರಲ್ಲಿ ಮಗನಿಗೆ ಆಕ್ಷೇಪಣೆಯ ಪತ್ರ ಬರೆದರು. ಅವರ ಸಂಪತ್ತೂ ತಂಬಾಕಿನದೇ, ಇರಲಿ.